ಇಂಗ್ಲಿಷಿನ ಭೂತಕಾಲವೂ ನಮ್ಮ ಲಕಾರಗಳೂ

ಸಿದ್ಧಾಂತಕೌಮುದಿಯ ಲಿಟ್ ಪ್ರಕ್ರಿಯೆಯನ್ನು ಓದುತ್ತಿದ್ದ ವಿದ್ಯಾರ್ಥಿಯೊಬ್ಬನು ಒಂದು ದಿನ ಪಾಠ ಮುಗಿದ ಬಳಿಕ ಹಿಂದೆ ನಿಂತು ನನ್ನನ್ನು ಒಂದು ಪ್ರಶ್ನೆ ಕೇಳಿದನು. ಅವನು ಸಂಸ್ಕೃತದೊಡನೆ ಇಂಗ್ಲಿಷ್ ಪರೀಕ್ಷೆಗೂ ಓದುತ್ತಿದ್ದವನು. ‘ಗೋ’ ಎಂಬ ಧಾತುವಿಗೆ ಭೂತಕಾಲದಲ್ಲಿ ‘ವೆಂಟ್’ ಎಂದೂ, ‘ಸಿಂಗ್’ ಎಂಬುದಕ್ಕೆ ‘ಸ್ಯಾಂಗ್’ ಎಂದೂ, ‘ಲವ್’ ಎಂಬುದಕ್ಕೆ ‘ಲವ್ಡ್’ ಎಂದೂ ರೂಪಗಳ ಪಟ್ಟಿಯೊಂದನ್ನು ಅವನಿಂದ ಬಾಯಿಪಾಠ ಮಾಡಿಸಿದ್ದರು. “ಗುರುಗಳೇ, ಇವಕ್ಕೆ ಸೂತ್ರವೇನು?” ಎಂದು ಕೇಳಿದನು. ಕಲಿಸಿದವರನ್ನು ಕೇಳಿದುದಕ್ಕೆ, ಆ ಭಾಷೆಗೆ ಸೂತ್ರವಿಲ್ಲ, ರೂಢಿಯೊಂದೇ ಪ್ರಮಾಣ ಎಂಬ ಉತ್ತರ ಬಂದಿತ್ತಂತೆ. ನಾನು ಇಂಗ್ಲಿಷ್ ಕಲಿಯಹೊರಟ ಕಾಲದಲ್ಲಿಯೂ ಇದೇ ಉತ್ತರವನ್ನು ಕೇಳಿ ಬಹುದಿನ ನಂಬಿದ್ದೆನು. ನಮ್ಮ ಪಂಡಿತವರ್ಗದಲ್ಲಿ ಈ ಮಾತು ಒಂದು ಬಗೆಯ ಸಮಾಧಾನವನ್ನು ಕೂಡ ತಂದುಕೊಟ್ಟಿದೆಯೆಂದು ಒಪ್ಪಿಕೊಳ್ಳಬೇಕು. ನಮ್ಮದು ಶಾಸ್ತ್ರವುಳ್ಳ ಭಾಷೆ, ಅದು ಶಾಸ್ತ್ರವಿಲ್ಲದ ಭಾಷೆ ಎಂದು ಹೇಳಿಬಿಟ್ಟರೆ ಮುಂದೆ ವಿಚಾರಮಾಡುವ ಶ್ರಮ ತಪ್ಪುತ್ತದೆಯಷ್ಟೆ! ಆದರೆ ಈ ಮಾತು ನಿಜವಲ್ಲ. ಲಿಟ್ ಪ್ರಕ್ರಿಯೆಯನ್ನು ಓದುತ್ತಿರುವ ಹುಡುಗನಿಗೆ ಇದನ್ನು ಹೇಳುವುದಂತೂ ಹೆಚ್ಚಿನ ಅನ್ಯಾಯ. ಏಕೆಂದರೆ ಅವನು ಕೇಳಿದ ಪ್ರಶ್ನೆಗೆ ಉತ್ತರದ ಅರ್ಧಭಾಗವು ಅವನ ಕೈಯಲ್ಲಿದ್ದ ಪುಸ್ತಕದಲ್ಲಿಯೇ ಇದ್ದಿತು. ಅಂದು ನಾನು ಕೊಡಲಾರದೆಹೋದ ಉತ್ತರವನ್ನು ಇಲ್ಲಿ ವಿದ್ವಾಂಸರ ಮುಂದೆ ಇಡುತ್ತಿದ್ದೇನೆ.

೧೭೮೬ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಭೆಯಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದು ಮೂಲದಿಂದ ಬಂದಿರಬೇಕೆಂದು ಹೇಳಿದುದನ್ನು ಎಲ್ಲರೂ ಬಲ್ಲರು. ಗಾಥಿಕ್ ಭಾಷೆಯೂ ಅದೇ ಮೂಲದ್ದಾಗಿರಬಹುದೆಂದು ಅವನು ಅದೇ ಉಪನ್ಯಾಸದಲ್ಲಿ ಸೂಚಿಸಿದುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಇಂಗ್ಲಿಷು ಈ ಗಾಥಿಕ್ ಭಾಷೆಗೆ ದಾಯಾದಿ. ಮುಂದೆ ೧೮೧೬ರಲ್ಲಿ ಫ್ರಾನ್ಸ್ ಬೊಪ್ಪನು ಈ ಸಂಬಂಧವನ್ನು ಶಾಸ್ತ್ರರೀತಿಯಿಂದ ಸಾಧಿಸಲು ಹೊರಟಾಗ ಅವನು ಹಿಡಿದ ವಿಷಯವು ನಾಮಪದವಲ್ಲ, ಆಖ್ಯಾತ. ಸಂಸ್ಕೃತದ ಕ್ರಿಯಾರೂಪಗಳನ್ನು ಗ್ರೀಕ್, ಲ್ಯಾಟಿನ್, ಪಾರಸಿ, ಜರ್ಮನ್ ಭಾಷೆಗಳ ಕ್ರಿಯಾರೂಪಗಳೊಡನೆ ಹೋಲಿಸುವುದೇ ಅವನ ಮೊದಲ ಗ್ರಂಥದ ವಸ್ತು. ಅವನ ಸಮಕಾಲೀನನಾದ ಜೇಕಬ್ ಗ್ರಿಮ್ಮನು ಜರ್ಮಾನಿಕ್ ಭಾಷೆಗಳ ಧಾತುಗಳನ್ನು ಭೂತಕಾಲದ ರೂಪವನ್ನು ನೋಡಿ ಎರಡು ವರ್ಗಗಳಾಗಿ ವಿಭಾಗಿಸಿದನು. ಯಾವ ಪ್ರತ್ಯಯದ ಸಹಾಯವನ್ನೂ ಬೇಡದೆ ತನ್ನೊಳಗಿನ ಸ್ವರವನ್ನು ಮಾರ್ಪಡಿಸಿಕೊಂಡೇ ಭೂತಕಾಲವನ್ನು ಸೂಚಿಸುವ ಧಾತುವು ಸಬಲ. ಪ್ರತ್ಯಯವನ್ನು ಆಶ್ರಯಿಸುವುದು ದುರ್ಬಲ. ‘ಸಿಂಗ್’ ಮೊದಲನೆಯದು, ‘ಲವ್’ ಎರಡನೆಯದು. ವಿದ್ಯಾರ್ಥಿಯ ಪಟ್ಟಿಯಲ್ಲಿ ಕಲಸಿಕೊಂಡಿದ್ದವು ಈ ಎರಡು ವರ್ಗಗಳೇ.

ಸಬಲಧಾತುಗಳ ಭೂತರೂಪವು ನಮ್ಮ ಲಿಟ್ ಲಕಾರದ ಒಡಹುಟ್ಟು. ಇದು ನನ್ನ ಊಹೆಯಲ್ಲ, ಭಾಷಾಶಾಸ್ತ್ರಜ್ಞರೆಲ್ಲರೂ ಒಪ್ಪಿರುವ ಸಂಗತಿ. ಒಂದು ಧಾತುವನ್ನು ತೆಗೆದುಕೊಳ್ಳೋಣ. ಸಂಸ್ಕೃತದ ‘ಭಿದ್’ ಎಂಬುದೂ ಇಂಗ್ಲಿಷಿನಲ್ಲಿ ಕಚ್ಚುವುದು ಎಂಬರ್ಥದ ‘ಬೈಟ್’ ಎಂಬುದೂ ಒಂದೇ ಮೂಲದ ಧಾತುಗಳು. ಲಿಟ್ಟಿನಲ್ಲಿ ಏಕವಚನಕ್ಕೆ ‘ಬಿಭೇದ’ ಎಂದಾಗುತ್ತದೆ, ಬಹುವಚನಕ್ಕೆ ‘ಬಿಭಿದುಃ’ ಎಂದಾಗುತ್ತದೆ. ಏಕವಚನದಲ್ಲಿ ಗುಣ, ಬಹುವಚನದಲ್ಲಿ ಪ್ರತ್ಯಯವು ಕಿತ್ತಾದುದರಿಂದ ಗುಣಕ್ಕೆ ನಿಷೇಧ. ಈಗ ಸಾವಿರ ವರ್ಷಗಳ ಹಿಂದಿನ ಇಂಗ್ಲಿಷನ್ನು ನೋಡಿದರೆ ಏಕವಚನಕ್ಕೆ ‘ಬಾಟ್’, ಬಹುವಚನಕ್ಕೆ ‘ಬಿಟೋನ್’ ಎಂಬ ರೂಪಗಳಿವೆ. ಸ್ವರಗಳು ತಮ್ಮ ತಮ್ಮ ದೇಶದ ಧ್ವನಿನಿಯಮಕ್ಕೆ ತಕ್ಕಂತೆ ಬೇರೆಯಾಗಿದ್ದರೂ ಏಕವಚನದಲ್ಲಿ ಗುರುವಾದ ಸ್ವರ, ಬಹುವಚನದಲ್ಲಿ ಲಘುವಾದ ಸ್ವರ ಎಂಬ ವ್ಯವಸ್ಥೆಯು ಎರಡು ಕಡೆಯಲ್ಲಿಯೂ ಒಂದೇ. ನಿಷ್ಠಾಪ್ರತ್ಯಯವೂ ಹಾಗೆಯೇ: ನಮ್ಮಲ್ಲಿ ನಕಾರವುಳ್ಳ ‘ಭಿನ್ನ’, ಅವರಲ್ಲಿ ನಕಾರವುಳ್ಳ ‘ಬಿಟನ್’. ಅಭ್ಯಾಸವು ಎಲ್ಲಿ ಹೋಯಿತೆಂದು ಕೇಳಬಹುದು. ಗಾಥಿಕ್ ಭಾಷೆಯಲ್ಲಿ ಕೆಲವು ಧಾತುಗಳಿಗೆ ಅದು ಉಳಿದೇ ಇದೆ. ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಲೋಪವಾಗಿದೆ. ನಮ್ಮಲ್ಲಿಯೂ ‘ವೇದ’, ‘ವಿದ್ಮ’ ಎಂಬ ರೂಪಗಳಲ್ಲಿ ಅಭ್ಯಾಸವಿಲ್ಲ.

ಹೀಗೆ ಮೊದಲು ಏಕವಚನಕ್ಕೊಂದು, ಬಹುವಚನಕ್ಕೊಂದು ಎಂದು ಎರಡು ಸ್ವರಗಳಿದ್ದುವು. ಮುಂದೆ ವಚನಭೇದವು ನಷ್ಟವಾದಾಗ ಪ್ರತಿಯೊಂದು ಧಾತುವೂ ಎರಡರಲ್ಲೊಂದನ್ನು ಬಿಡಬೇಕಾಯಿತು. ‘ರೈಟ್’ ಎಂಬ ಬರೆಯುವ ಧಾತುವೂ ‘ಬೈಟ್’ ಎಂಬುದೂ ಒಂದೇ ಗಣದವು. ಆದರೆ ಮೊದಲನೆಯದು ಏಕವಚನದ ಸ್ವರವನ್ನು ಉಳಿಸಿಕೊಂಡು ‘ರೋಟ್’ ಎಂದಾಯಿತು. ಎರಡನೆಯದು ಅದನ್ನು ಬಿಟ್ಟು ಬಹುವಚನದ ಲಘುಸ್ವರವನ್ನು ಹಿಡಿದು ‘ಬಿಟ್’ ಎಂದಾಯಿತು. ವಿದ್ಯಾರ್ಥಿಯು ಇದನ್ನು ಅವ್ಯವಸ್ಥೆಯೆನ್ನುತ್ತಾನೆ. ಅದು ಎರಡು ವ್ಯವಸ್ಥಿತರೂಪಗಳಲ್ಲಿ ಅರ್ಧರ್ಧ ಉಳಿದ ಅವಶೇಷ. ಹಾಳೂರಿನಲ್ಲಿ ಒಂದು ಮನೆಯ ಬಾಗಿಲೂ ಮತ್ತೊಂದು ಮನೆಯ ಗೋಡೆಯೂ ಉಳಿದಿದ್ದರೆ ಆ ಊರಿನವರು ಗೋಡೆಯಿಲ್ಲದೆ ಬಾಗಿಲನ್ನು ಮಾತ್ರ ಕಟ್ಟುತ್ತಿದ್ದರೆಂದು ಯಾರೂ ಹೇಳಲಾರರು.

ಇನ್ನೊಂದು ಸಣ್ಣ ಗುರುತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವರ್ತಮಾನದಲ್ಲಿ ಇಂಗ್ಲಿಷರು ‘ಅವನು ಹಾಡುತ್ತಾನೆ’ ಎಂಬಲ್ಲಿ ಧಾತುವಿಗೆ ಸಕಾರವನ್ನು ಸೇರಿಸುವರು, ‘ನಾನು’ ಎಂಬಲ್ಲಿ ಸೇರಿಸುವುದಿಲ್ಲ. ಭೂತಕಾಲದಲ್ಲಿ ಮಾತ್ರ ಎರಡಕ್ಕೂ ‘ಸ್ಯಾಂಗ್’ ಒಂದೇ. ಲಿಟ್ಟಿನಲ್ಲಿ ಪ್ರಥಮಪುರುಷದ ಏಕವಚನಕ್ಕೂ ಉತ್ತಮಪುರುಷದ ಏಕವಚನಕ್ಕೂ ಣಲ್ ಎಂಬ ಒಂದೇ ಆದೇಶವಿರುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಸಬಲಧಾತುಗಳ ವಚನಭೇದವು ಇಂದಿನ ಇಂಗ್ಲಿಷಿನಲ್ಲಿ ಒಂದೇ ಒಂದು ಕಡೆ ಉಳಿದಿದೆ. ಏಕವಚನಕ್ಕೆ ‘ವಾಸ್’, ಬಹುವಚನಕ್ಕೆ ‘ವರ್’. ಮೊದಲನೆಯದರಲ್ಲಿ ಸಕಾರ, ಎರಡನೆಯದರಲ್ಲಿ ರೇಫ. ಈ ವ್ಯತ್ಯಾಸಕ್ಕೆ ಕಾರಣವು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ೧೮೭೫ರಲ್ಲಿ ಡೆನ್ಮಾರ್ಕಿನ ಕಾರ್ಲ್ ವರ್ನರನು ಅದನ್ನು ಕಂಡುಹಿಡಿದನು. ಕಂಡುಹಿಡಿದುದು ವೇದದ ಸ್ವರದಿಂದ! ಲಿಟ್ಟಿನ ಏಕವಚನದಲ್ಲಿ ಉದಾತ್ತವು ಧಾತುವಿನ ಮೇಲೆ ನಿಲ್ಲುತ್ತದೆ. ದ್ವಿವಚನ ಬಹುವಚನಗಳಲ್ಲಿ ಪ್ರತ್ಯಯದ ಮೇಲೆ ನಿಲ್ಲುತ್ತದೆ. ಜರ್ಮಾನಿಕ್ ಭಾಷೆಗಳಲ್ಲಿ ಪದಮಧ್ಯದ ಸಕಾರಕ್ಕೆ ಹಿಂದಿನ ಅಕ್ಷರವು ಪೂರ್ವಕಾಲದಲ್ಲಿ ಉದಾತ್ತವಾಗಿದ್ದರೆ ಸಕಾರವು ಹಾಗೆಯೇ ಉಳಿಯಿತು. ಇಲ್ಲವಾದರೆ ಅದು ಘೋಷವಾಗಿ ಕ್ರಮೇಣ ರೇಫವಾಯಿತು. ಆದುದರಿಂದ ಏಕವಚನದಲ್ಲಿ ಸಕಾರ, ಬಹುವಚನದಲ್ಲಿ ರೇಫ. ಸ್ವತಃ ಇಂಗ್ಲಿಷು ಎಂದೋ ಮರೆತುಬಿಟ್ಟ ಸ್ವರಸ್ಥಾನವನ್ನು ಋಗ್ವೇದದ ಅಧ್ಯಾಪಕರು ಮೂರು ಸಾವಿರ ವರ್ಷ ಕಂಠದಲ್ಲಿ ಕಾಪಾಡಿಕೊಂಡು ಬಂದುದರಿಂದ ಲಂಡನ್ನಿನ ಮಗುವು ‘ವಾಸ್’, ‘ವರ್’ ಎಂದು ಏಕೆ ಹೇಳುತ್ತದೆಂಬುದು ತಿಳಿಯಬಂದಿತು.

ಈ ಧಾತುವಾದರೂ ಯಾವುದು? ನಮ್ಮ ‘ವಸ ನಿವಾಸೇ’. ವಾಸಿಸಿದನು ಎಂಬರ್ಥವೇ ಸವೆದು ಇದ್ದನು ಎಂದಾಗಿದೆ. ವಸಧಾತುವಿಗೆ ಲಿಟ್ಟಿನ ಮಧ್ಯಮಪುರುಷ ಬಹುವಚನದಲ್ಲಿ ಸಂಪ್ರಸಾರಣವಾಗಿ ‘ಊಷ’ ಎಂಬ ರೂಪ ಬರುತ್ತದೆ. ಮಹಾಭಾಷ್ಯವನ್ನು ಓದಿದವರು ಈ ಪದವನ್ನು ಕೇಳಿದೊಡನೆ ಎಚ್ಚರಗೊಳ್ಳುವರು. ಪಸ್ಪಶಾಹ್ನಿಕದಲ್ಲಿ ಪತಂಜಲಿಯು ಪೂರ್ವಪಕ್ಷಿಯ ಬಾಯಿಂದ, ಲೋಕದಲ್ಲಿ ಪ್ರಯೋಗವಿಲ್ಲದ ಶಬ್ದಗಳೂ ಉಂಟು ಎಂಬುದಕ್ಕೆ ನಿದರ್ಶನವಾಗಿ ಹೇಳಿಸುವ ನಾಲ್ಕು ಶಬ್ದಗಳಲ್ಲಿ ಮೊದಲನೆಯದು ಇದೇ ‘ಊಷ’. ಉಳಿದುವು ‘ತೇರ’, ‘ಚಕ್ರ’, ‘ಪೇಚ’. ನಾಲ್ಕೂ ಲಿಟ್ಟಿನ ಮಧ್ಯಮಪುರುಷ ಬಹುವಚನದ ರೂಪಗಳೇ. ಅವುಗಳ ಅರ್ಥದಲ್ಲಿ ಜನರು ನಿಷ್ಠಾಂತವಾದ ಬೇರೆ ಶಬ್ದಗಳನ್ನು ಪ್ರಯೋಗಿಸುವರೆಂದೂ ಅಲ್ಲಿ ಹೇಳಿದೆ. ಶಬ್ದಪ್ರಯೋಗದ ವಿಷಯವು ದೊಡ್ಡದು, ಏಳು ದ್ವೀಪಗಳುಳ್ಳ ಭೂಮಿಯಿದೆ, ಹುಡುಕದೆ ಇಲ್ಲವೆನ್ನಬಾರದು ಎಂಬ ಅಭಿಪ್ರಾಯದಿಂದ ಭಾಷ್ಯಕಾರನು ಸಮಾಧಾನ ಹೇಳುತ್ತಾನೆ. ವೇದದಲ್ಲಿಯೂ ಅವುಗಳ ಪ್ರಯೋಗವುಂಟೆಂದು ತೋರಿಸುತ್ತಾನೆ. ನೀವು ಇದ್ದಿರಿ ಎಂಬರ್ಥದಲ್ಲಿ ಇಂಗ್ಲಿಷರು ದಿನವೂ ಆಡುವ ‘ಯೂ ವರ್’ ಎಂಬಲ್ಲಿನ ‘ವರ್’ ಎಂಬುದು ಅದೇ ಧಾತುವಿನ, ಅದೇ ಲಕಾರದ, ಬಹುವಚನದ ರೂಪ. ಧಾತುಸ್ವರದ ವಿಷಯದಲ್ಲಿ ಜರ್ಮಾನಿಕ್ ಭಾಷೆಗಳು ಬೇರೆ ದಾರಿಯನ್ನು ಹಿಡಿದಿರುವುದರಿಂದ ಅಕ್ಷರಕ್ಕೆ ಅಕ್ಷರ ಸರಿಹೊಂದುವುದೆಂದು ನಾನು ಹೇಳುವುದಿಲ್ಲ. ಆದರೂ ದ್ವೀಪಾಂತರದಲ್ಲಿ ಹುಡುಕಬೇಕೆಂದ ಭಾಷ್ಯಕಾರನ ಮಾತು ಒಂದು ದ್ವೀಪದ ಮಟ್ಟಿಗೆ ಹೀಗೆ ಫಲಿಸಿರುವುದನ್ನು ಕಂಡು ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ಇನ್ನು ದುರ್ಬಲಧಾತುಗಳು. ಇವಕ್ಕೆ ಭೂತಕಾಲದಲ್ಲಿ ದಕಾರಪ್ರತ್ಯಯ. ಇದು ಎಲ್ಲಿಂದ ಬಂದಿತೆಂಬುದರಲ್ಲಿ ವಿವಾದವು ಇನ್ನೂ ಮುಗಿದಿಲ್ಲ. ಬೊಪ್ಪನ ಕಾಲದಿಂದಲೂ ಬಲವಾಗಿರುವ ಪಕ್ಷವೆಂದರೆ ಅದು ‘ಮಾಡು’ ಎಂಬರ್ಥದ ‘ಡೂ’ ಧಾತುವೇ ಎಂಬುದು. ಈ ಧಾತುವು ನಮ್ಮ ‘ಧಾ’. ನಾಲ್ಕನೆಯ ಶತಮಾನದ ಗಾಥಿಕ್ ಬೈಬಲ್ಲಿನಲ್ಲಿ ‘ಕಾಪಾಡಿದೆನು’ ಎಂಬುದಕ್ಕೆ ‘ನಸಿದ’ ಎಂದೂ, ‘ಕಾಪಾಡಿದೆವು’ ಎಂಬುದಕ್ಕೆ ‘ನಸಿದೇದುಮ್’ ಎಂದೂ ಇರುವುದರಿಂದ, ಬಹುವಚನದಲ್ಲಿ ಈ ಸಹಾಯಧಾತುವಿನ ಮೈ ಬಹುಮಟ್ಟಿಗೆ ಪೂರ್ಣವಾಗಿ ಕಾಣುತ್ತದೆ. ನಮ್ಮಲ್ಲಿ ‘ಚೋರಯಾಂಚಕಾರ’ ಎಂದು ಣಿಜಂತಕ್ಕೆ ಕೃಧಾತುವಿನ ಅನುಪ್ರಯೋಗವಿರುವಂತೆ ಅವರಲ್ಲಿ ಧಾಧಾತುವಿನ ಅನುಪ್ರಯೋಗವಿದ್ದು, ಮುಂದೆ ಅದು ಸವೆದು ಪ್ರತ್ಯಯವಾಯಿತೆಂದು ಹೇಳಿದರೆ ಪಾಠಶಾಲೆಯ ವಿದ್ಯಾರ್ಥಿಗೆ ತಕ್ಷಣ ಅರ್ಥವಾಗುತ್ತದೆ. ನಮ್ಮಲ್ಲಿಯೂ ಈ ಅನುಪ್ರಯೋಗವು ಬರುವುದು ಪ್ರತ್ಯಯಾಂತಧಾತುಗಳಿಗೆ. ಅವರಲ್ಲಿಯೂ ದುರ್ಬಲಧಾತುಗಳಲ್ಲಿ ಬಹುಭಾಗ ಇತರ ಶಬ್ದಗಳಿಂದ ಹುಟ್ಟಿದುವೇ. ಪ್ರತ್ಯೇಕವಾಗಿ ನಿಂತಿರುವ ‘ಡಿಡ್’ ಎಂಬ ರೂಪದಲ್ಲಿಯಾದರೋ ಮೊದಲನೆಯ ದಕಾರವು ಅಭ್ಯಾಸ, ಎರಡನೆಯದು ಧಾತು. ನಮ್ಮ ‘ದಧೌ’ ಎಂಬುದರಂತೆ.

ಆದರೆ ‘ಪ್ರೀತಿಸಲ್ಪಟ್ಟ’ ಎಂಬರ್ಥದ ವಿಶೇಷಣವಾದ ‘ಲವ್ಡ್’ ಬೇರೆ. ಅದರಲ್ಲಿರುವುದು ನಮ್ಮ ಕ್ತಪ್ರತ್ಯಯ. ಕಿವಿಗೆ ಒಂದೇ ಶಬ್ದ, ಒಳಗೆ ಎರಡು ಪ್ರತ್ಯಯ. ಸಬಲಧಾತುಗಳಲ್ಲಿ ಈ ಎರಡಕ್ಕೂ ರೂಪಭೇದವು ಉಳಿದಿರುವುದರಿಂದ ಅಲ್ಲಿ ಅವನ್ನು ಕಲಸಿದರೆ ಪ್ರಮಾದವಾಗುತ್ತದೆ. ಈ ಪ್ರಮಾದವು ವಿದೇಶಿಯರಿಗೆ ಮಾತ್ರ ಬರುವುದೆಂದು ತಿಳಿಯಬಾರದು. ೧೭೬೨ರಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಬರೆದ ರಾಬರ್ಟ್ ಲೌತನು ನಿಷ್ಠಾಂತವಿರಬೇಕಾದಲ್ಲಿ ಭೂತಾಖ್ಯಾತವನ್ನು ಪ್ರಯೋಗಿಸಿದ ದೋಷವನ್ನು ತನ್ನ ದೇಶದ ಪ್ರಸಿದ್ಧ ಲೇಖಕರಲ್ಲಿಯೇ ಎತ್ತಿ ತೋರಿಸಿದ್ದಾನೆ.

ಈ ದಕಾರಪ್ರತ್ಯಯವು ಉಚ್ಚಾರಣೆಯಲ್ಲಿ ಮೂರು ಬಗೆ. ಅಘೋಷವ್ಯಂಜನದ ಮುಂದೆ ಟಕಾರದಂತೆ ಕೇಳುತ್ತದೆ, ಘೋಷದ ಮುಂದೆ ಡಕಾರದಂತೆ. ಧಾತುವು ತಾನೇ ಅಂಥ ವರ್ಣದಿಂದ ಮುಗಿದರೆ ನಡುವೆ ಒಂದು ಸ್ವರ ಬರುತ್ತದೆ: ‘ವಾಕ್ಟ್’, ‘ಲವ್ಡ್’, ‘ವಾಂಟೆಡ್’. ಪೂರ್ವದಲ್ಲಿ ಎಲ್ಲ ಕಡೆಯೂ ಸ್ವರವಿದ್ದಿತು. ಬರಹದಲ್ಲಿ ಇಂದಿಗೂ ಇದೆ. ಆಡುವವರು ಅದನ್ನು ನುಂಗತೊಡಗಿದಾಗ ಜೊನಾಥನ್ ಸ್ವಿಫ್ಟನು ೧೭೧೨ರಲ್ಲಿ ಪ್ರಕಟವಾದ ತನ್ನ ಭಾಷಾಸಂಸ್ಕರಣದ ಸೂಚನೆಯಲ್ಲಿ ಇದನ್ನು ಕಟುವಾಗಿ ನಿಂದಿಸಿದನು. ನಿಂದೆಯು ವ್ಯರ್ಥವಾಯಿತು, ಲೋಕವು ಗೆದ್ದಿತು. ಕೆಲವು ವಿಶೇಷಣಗಳಲ್ಲಿ ಮಾತ್ರ ಹಳೆಯ ಸ್ವರವು ಉಳಿದಿದೆ. ಕಲಿತನು ಎಂಬ ಕ್ರಿಯೆಗೆ ‘ಲರ್ನ್ಡ್’ ಎಂದು ಒಂದೇ ಅಕ್ಷರ, ಪಂಡಿತನಾದ ಎಂಬ ವಿಶೇಷಣಕ್ಕೆ ‘ಲರ್ನೆಡ್’ ಎಂದು ಎರಡು. ಹಳೆಯದನ್ನು ಬಿಡಲಾರದವರು ಪಂಡಿತರೇ ಎಂಬುದಕ್ಕೆ ಇದನ್ನು ಯಾರಾದರೂ ಉದಾಹರಿಸಿದರೆ ನಾವು ಸುಮ್ಮನೆ ಕೇಳಿಕೊಳ್ಳಬೇಕು.

ಕನ್ನಡಿಗರು ಇಲ್ಲಿ ಒಂದು ಮೋಹಕ್ಕೆ ಸಿಕ್ಕುವ ಸಂಭವವುಂಟು. ನಮ್ಮ ಭೂತಕಾಲಕ್ಕೂ ದಕಾರವೇ ಪ್ರತ್ಯಯ. ಕೇಶಿರಾಜನು ಭೂತಕ್ಕೆ ದ, ವರ್ತಮಾನಕ್ಕೆ ದಪ, ಭವಿಷ್ಯತ್ತಿಗೆ ವ ಎಂದು ವಿಧಿಸಿದ್ದಾನೆ. ನಮ್ಮಲ್ಲಿಯೂ ‘ಕಲಿತನು’, ‘ನುಡಿದನು’, ‘ಮಾಡಿದನು’ ಎಂದು ತಕಾರ, ದಕಾರ, ಇಕಾರಪೂರ್ವಕವಾದ ದಕಾರ ಎಂಬ ಮೂರು ಪ್ರಕಾರಗಳಿವೆ. ‘ಕೊಡು’ ಎಂಬುದು ‘ಕೊಟ್ಟನು’ ಎಂದಾಗುವಂತೆ ಅವರಲ್ಲಿ ‘ಸೆಂಡ್’ ಎಂಬುದು ‘ಸೆಂಟ್’ ಎಂದಾಗುತ್ತದೆ. ಇಷ್ಟು ಸಾದೃಶ್ಯವನ್ನು ಕಂಡು ಎರಡು ಭಾಷೆಗಳಿಗೂ ನಂಟನ್ನು ಕಲ್ಪಿಸಹೊರಡುವುದು ತಪ್ಪು. ಕನ್ನಡದ ದಕಾರವು ದ್ರಾವಿಡಮೂಲದ್ದು, ತಮಿಳು ಮೊದಲಾದ ಸೋದರಭಾಷೆಗಳೊಡನೆ ಹೋಲಿಸತಕ್ಕದ್ದು. ಇಂಗ್ಲಿಷಿನೊಡನೆ ಹೋಲಿಕೆಯು ಕಾಕತಾಳೀಯ. ಕಲಿಸುವವರಿಗೆ ಮಾತ್ರ ಈ ಕಾಕತಾಳೀಯವು ಒಳ್ಳೆಯ ಉಪಕರಣ. ‘ಮಾಡಿದನು’ ಎನ್ನುವ ಹುಡುಗನು ‘ನಿಲ್ಲಿದನು’, ‘ಕೊಲ್ಲಿದನು’, ‘ಸಾಯಿದನು’ ಎನ್ನದೆ ‘ನಿಂತನು’, ‘ಕೊಂದನು’, ‘ಸತ್ತನು’ ಎಂದು ಯಾವ ಪಟ್ಟಿಯನ್ನೂ ಉರುಹೊಡೆಯದೆ ಹೇಳುತ್ತಾನೆ. ತನ್ನ ಮನೆಯಲ್ಲಿಯೇ ಇಂಥ ರೂಪಗಳು ತುಂಬಿರುವುದನ್ನು ಅವನಿಗೆ ತೋರಿಸಿದರೆ ಪರಭಾಷೆಯ ಮೇಲಿನ ಅವನ ಕೋಪವು ಅರ್ಧಕ್ಕೆ ಇಳಿಯುತ್ತದೆ.

‘ವೆಂಟ್’ ವಿಷಯವನ್ನು ಬೇಗ ಮುಗಿಸಬಹುದು. ಅದು ‘ಗೋ’ ಧಾತುವಿನ ರೂಪವಲ್ಲ. ತಿರುಗು, ಸಾಗು ಎಂಬರ್ಥದ ‘ವೆಂಡ್’ ಧಾತುವಿನದು. ‘ಸೆಂಡ್’, ‘ಸೆಂಟ್’ ಎಂಬುದರಂತೆಯೇ ನ್ಯಾಯವಾದ ರೂಪ. ಪ್ರಾಚೀನ ಇಂಗ್ಲಿಷಿನಲ್ಲಿ ‘ಗೋ’ ಎಂಬುದರ ಭೂತಸ್ಥಾನದಲ್ಲಿ ‘ಏಒದೆ’ ಎಂಬ ಇನ್ನೊಂದು ಶಬ್ದವಿದ್ದಿತು. ಹದಿನೈದನೆಯ ಶತಮಾನದ ಹೊತ್ತಿಗೆ ಅದನ್ನು ತಳ್ಳಿ ‘ವೆಂಟ್’ ಆ ಸ್ಥಾನವನ್ನು ಆಕ್ರಮಿಸಿತು. ಹನಧಾತುವಿಗೆ ಲುಙಿನಲ್ಲಿ ವಧಾದೇಶವನ್ನೂ ದೃಶಧಾತುವಿಗೆ ಪಶ್ಯಾದೇಶವನ್ನೂ ಪ್ರತಿದಿನ ಮಾಡುತ್ತಿರುವ ನಮಗೆ ಇದು ಹೊಸತಲ್ಲ. ಹಾಗೆಯೇ ಧಾತುಗಳು ವರ್ಗದಿಂದ ವರ್ಗಕ್ಕೆ ವಲಸೆಹೋಗಿರುವುದೂ ಉಂಟು. ‘ಹೆಲ್ಪ್’ ಮೊದಲು ಸಬಲವಾಗಿದ್ದು ಈಗ ದುರ್ಬಲ. ‘ವೇರ್’, ‘ರಿಂಗ್’ ಎಂಬುವು ದುರ್ಬಲವಾಗಿದ್ದು ಸಬಲದ ಸಂಗದಿಂದ ಸ್ವರಭೇದವನ್ನು ಕಲಿತುವು. ‘ಕ್ಯಾಚ್’ ಎಂಬುದು ಫ್ರೆಂಚರಿಂದ ಬಂದ ಪರದೇಶಿ. ಅದು ಊರಿನವರನ್ನು ಅನುಕರಿಸಿ ‘ಕಾಟ್’ ಎಂಬ ರೂಪವನ್ನು ತಾಳಿತು.

ಇಷ್ಟೂ ರೂಪದ ಮಾತು. ಅರ್ಥದ ವಿಷಯದಲ್ಲಿ ನಮ್ಮವರ ತೊಂದರೆ ಬೇರೆಯಾದದ್ದು. ನನಗೆ ಇಂಗ್ಲಿಷ್ ಪಾಠ ಹೇಳಿದವರೊಬ್ಬರು ಸಂಸ್ಕೃತವನ್ನೂ ಓದಿಕೊಂಡವರಾಗಿದ್ದು, ಸಾಮಾನ್ಯಭೂತವನ್ನು ಲಙ್ ಎಂದೂ, ‘ಹ್ಯಾವ್’ ಎಂಬ ಸಹಾಯಧಾತುವಿನೊಡನೆ ಬರುವ ಭೂತವನ್ನು ಲುಙ್ ಎಂದೂ, ‘ಹ್ಯಾಡ್’ ಎಂಬುದರೊಡನೆ ಬರುವುದನ್ನು ಲಿಟ್ ಎಂದೂ ಸಮೀಕರಿಸಿ ಕೊಟ್ಟರು. ಅಚ್ಚುಕಟ್ಟಾದ ಸಮೀಕರಣ, ಆದರೆ ಮೂರೂ ತಪ್ಪು. ಇದನ್ನು ನಂಬಿ ನಾನು ಬರೆದ ಪತ್ರಗಳನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಪಾಣಿನಿಯ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಭೂತಸಾಮಾನ್ಯಕ್ಕೆ ಲುಙ್, ಅನದ್ಯತನಭೂತಕ್ಕೆ ಲಙ್, ಅನದ್ಯತನವೂ ಪರೋಕ್ಷವೂ ಆದ ಭೂತಕ್ಕೆ ಲಿಟ್ ವಿಹಿತವಾಗಿವೆ. ಇಲ್ಲಿ ಕೇಳುವ ಪ್ರಶ್ನೆಗಳು ಎರಡು: ನಡೆದುದು ಇಂದೋ ಇಂದಿಗೆ ಹಿಂದೆಯೋ, ಹೇಳುವವನು ಕಂಡನೋ ಕಾಣನೋ. ಅದ್ಯತನವೆಂದರೆ ಎಷ್ಟು ಕಾಲವೆಂಬುದರಲ್ಲಿ ಕಾಶಿಕಾಕಾರರು ಎರಡು ಮತಗಳನ್ನು ಹೇಳಿದ್ದಾರೆ; ಏಳುವ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ಎಂದು ಒಂದು, ನಡುರಾತ್ರಿಯಿಂದ ನಡುರಾತ್ರಿಯವರೆಗೆ ಎಂದು ಇನ್ನೊಂದು. ವಿಚಿತ್ರವೇನೆಂದರೆ, ೧೬೬೦ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಟ ಪೋರ್ ರೊಯಾಲ್ ವ್ಯಾಕರಣದಲ್ಲಿ ಫ್ರೆಂಚಿನ ಒಂದು ಭೂತರೂಪಕ್ಕೆ, ನಡೆದು ಒಂದು ದಿನವಾದರೂ ಕಳೆದಿರಬೇಕೆಂಬ ನಿಯಮವನ್ನು ಹೇಳಿದೆ. ಪಾಣಿನಿಯ ಹೆಸರನ್ನೇ ಕೇಳದಿದ್ದವರು ಅನದ್ಯತನಭೂತವನ್ನು ತಾವಾಗಿಯೇ ಕಂಡುಕೊಂಡಿದ್ದರು!

ಪರೋಕ್ಷತ್ವದ ವಿಚಾರವು ನಮ್ಮ ದೇಶದ ಚರಿತ್ರೆಗೆ ಮಾಡಿರುವ ಉಪಕಾರವನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆ. ಪರೋಕ್ಷವಾದರೂ ಲೋಕಪ್ರಸಿದ್ಧವಾಗಿದ್ದು, ಹೇಳುವವನು ನೋಡಬಹುದಾಗಿದ್ದ ಸಂಗತಿಗೆ ಲಿಟ್ಟಲ್ಲ, ಲಙ್ ಬರಬೇಕೆಂದು ವಾರ್ತಿಕವಿದೆ. ಪತಂಜಲಿಯು ಇದಕ್ಕೆ ಉದಾಹರಣೆಯಾಗಿ ಯವನನು ಸಾಕೇತವನ್ನು ಮುತ್ತಿದುದನ್ನು ಹೇಳಿದುದರಿಂದಲೇ ವಿದ್ವಾಂಸರು ಅವನ ಕಾಲವನ್ನು ಊಹಿಸಿದರು. ಹಾಗೆಯೇ ಜೈನ ಶಾಕಟಾಯನನು ತನ್ನ ಅಮೋಘವೃತ್ತಿಯಲ್ಲಿ ಅಮೋಘವರ್ಷನು ಶತ್ರುಗಳನ್ನು ದಹಿಸಿದುದನ್ನು ಉದಾಹರಿಸಿದುದರಿಂದ ಅವನು ಸುಮಾರು ೮೧೪ರಿಂದ ೮೭೮ರವರೆಗೆ ಆಳಿದ ಆ ರಾಷ್ಟ್ರಕೂಟ ಚಕ್ರವರ್ತಿಯ ಸಮಕಾಲೀನನೆಂಬುದು ಸಿದ್ಧವಾಯಿತು; ಇದನ್ನು ಪ್ರತಿಪಾದಿಸಿದವರು ಕೆ. ಬಿ. ಪಾಠಕರು. ಕವಿರಾಜಮಾರ್ಗವು ಯಾರ ಆಸ್ಥಾನದಲ್ಲಿ ಹುಟ್ಟಿತೋ ಆ ದೊರೆಯ ಕಾಲಕ್ಕೆ ಒಂದು ಲಙ್ ಪ್ರತ್ಯಯವೇ ಸಾಕ್ಷಿಯಾಯಿತು.

ಇಂಗ್ಲಿಷಿನ ಸಾಮಾನ್ಯಭೂತವು ಈ ಎರಡು ಪ್ರಶ್ನೆಗಳಲ್ಲಿ ಯಾವುದನ್ನೂ ಕೇಳುವುದಿಲ್ಲ. ಬೆಳಿಗ್ಗೆ ಕಂಡುದನ್ನು ಮಧ್ಯಾಹ್ನ ಹೇಳುವಾಗಲೂ ಅದೇ ರೂಪ, ರಾಮನು ರಾವಣನನ್ನು ಕೊಂದುದನ್ನು ಹೇಳುವಾಗಲೂ ಅದೇ ರೂಪ. ಅದು ಕೇಳುವ ಪ್ರಶ್ನೆಯು ಬೇರೆ: ಹೇಳುವವನ ಮನಸ್ಸಿನಲ್ಲಿ ಆ ಕಾಲವು ಈ ಕ್ಷಣದಿಂದ ಕಡಿದುಹೋಗಿದೆಯೋ, ಅಥವಾ ಇಲ್ಲಿಯವರೆಗೆ ಹಬ್ಬಿಕೊಂಡು ಬಂದಿದೆಯೋ? ಕಡಿದುಹೋದುದಕ್ಕೆ ಸಾಮಾನ್ಯಭೂತ, ಹಬ್ಬಿದುದಕ್ಕೆ ‘ಹ್ಯಾವ್’. ಈ ಎರಡನೆಯ ರೂಪವು ಪೂರ್ಣವಾಗಿ ಬೆಳೆಯುವುದಕ್ಕೆ ಮೊದಲು ಸಾಮಾನ್ಯಭೂತವೊಂದೇ ಸಕಲ ಭಾರವನ್ನೂ ಹೊತ್ತಿದ್ದಿತು. ಕ್ರಿಸ್ತಶಕ ೧೦೦೦ದ ಸುಮಾರಿಗೆ ಏಲ್ಫ್ರಿಕ್ ಎಂಬ ಕ್ರೈಸ್ತಯತಿಯು ಇಂಗ್ಲಿಷ್ ಹುಡುಗರಿಗಾಗಿ ಲ್ಯಾಟಿನ್ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಲ್ಯಾಟಿನ್ನಿನ ಮೂರು ಭೂತಗಳಿಗೂ ‘ನಿಂತೆನು’ ಎಂಬ ಒಂದೇ ರೂಪವನ್ನು 'ಪೂರ್ಣವಾಗಿ', 'ಬಹಳ ಹಿಂದೆ' ಎಂಬಂಥ ಅವ್ಯಯಗಳನ್ನು ಸೇರಿಸಿ ಒದಗಿಸಬೇಕಾಯಿತು. ೧೬೫೩ರಲ್ಲಿ ಜಾನ್ ವಾಲಿಸನು ತನ್ನ ವ್ಯಾಕರಣದಲ್ಲಿ ಇಂಗ್ಲಿಷ್ ಧಾತುವಿಗೆ ಸ್ವಂತವಾಗಿರುವ ಕಾಲಗಳು ಎರಡೇ, ವರ್ತಮಾನ ಮತ್ತು ಭೂತ, ಉಳಿದುವೆಲ್ಲ ಸಹಾಯಧಾತುಗಳ ಕೆಲಸ ಎಂದು ನಿರ್ಣಯಿಸಿದನು. ಲ್ಯಾಟಿನ್ನಿನ ಕಣ್ಣಿನಿಂದ ನೋಡದೆ ತನ್ನ ಭಾಷೆಯನ್ನು ಅದರ ಕಣ್ಣಿನಿಂದಲೇ ನೋಡಿದ ಈ ಧೈರ್ಯವನ್ನು ಮೆಚ್ಚಬೇಕು. ಸಂಸ್ಕೃತದ ಮೂರು ಭೂತಲಕಾರಗಳನ್ನೂ ಚೆನ್ನಾಗಿ ಬಲ್ಲ ಕೇಶಿರಾಜನು ಕನ್ನಡಕ್ಕೆ ಒಂದೇ ಭೂತವನ್ನು ಹೇಳಿದುದೂ ಇಂಥ ಧೈರ್ಯವೇ.

ಹಾಗಾದರೆ ಕನ್ನಡಿಗನಿಗೆ ಕಲಿಕೆಯ ಕಷ್ಟವೆಲ್ಲಿ? ‘ನೋಡಿದೆನು’, ‘ನೋಡಿದ್ದೇನೆ’ ಎಂಬ ಭೇದವು ನಮ್ಮಲ್ಲಿ ಚೆನ್ನಾಗಿಯೇ ಇದೆ. ಆದರೆ ‘ನಿನ್ನೆ ಅವರನ್ನು ನೋಡಿದ್ದೇನೆ’ ಎಂಬುದನ್ನು ಕನ್ನಡವು ಸಹಿಸುತ್ತದೆ, ಇಂಗ್ಲಿಷು ಸಹಿಸುವುದಿಲ್ಲ. ‘ನಿನ್ನೆ’ ಎಂದೊಡನೆ ಅಲ್ಲಿ ಕಾಲವು ಕಡಿದುಹೋಯಿತು. ‘ನಿನ್ನೆ ಮೈಸೂರಿಗೆ ಹೋಗಿದ್ದೆನು’ ಎಂಬುದು ನಮಗೆ ಸಹಜವಾದ ವಾಕ್ಯ. ಅದನ್ನು ‘ಹ್ಯಾಡ್’ ಹಾಕಿ ತಿರುಗಿಸಿದರೆ ಇಂಗ್ಲಿಷನು ಮುಂದಿನ ಮಾತಿಗಾಗಿ ಕಾಯುತ್ತಾನೆ, ಹೋಗಿದ್ದಾಗ ಮತ್ತೇನು ನಡೆಯಿತೆಂದು. ಒಳಮನೆಯಲ್ಲಿರುವ ಹುಡುಗನನ್ನು ಕರೆದರೆ ಅವನು ಇನ್ನೂ ಕುಳಿತಲ್ಲಿಂದಲೇ “ಬಂದೆ, ಬಂದೆ” ಎನ್ನುತ್ತಾನೆ; ಆಗಲಿರುವುದನ್ನು ಆದಂತೆಯೇ ಹೇಳುವ ಈ ಸಲಿಗೆಯು ಪಾಣಿನಿಯ ಭಾಷೆಗೂ ಆಶಂಸೆಯ ಅರ್ಥದಲ್ಲಿ ಉಂಟು. ಇಂಗ್ಲಿಷಿನಲ್ಲಿ ಹಾಗೆಂದರೆ ಬಂದು ಎದುರಿಗೆ ನಿಂತಿರಬೇಕು.

ಎಲ್ಲಕ್ಕಿಂತಲೂ ಹೆಚ್ಚಾಗಿ ಕಾಣುವ ತಪ್ಪೆಂದರೆ ನಿಷೇಧದಲ್ಲಿ ‘ಡಿಡ್’ ಎಂಬುದನ್ನೂ ಹಾಕಿ ಮುಂದಿನ ಧಾತುವನ್ನೂ ಭೂತರೂಪದಲ್ಲಿ ಹೇಳುವುದು, ‘ಡಿಡ್ ನಾಟ್ ವೆಂಟ್’ ಎಂಬಂತೆ. ಇದಕ್ಕೆ ಕನ್ನಡವನ್ನು ದೂಷಿಸುವವರಿದ್ದಾರೆ. ಪ್ರಶ್ನೆಯ ಮಟ್ಟಿಗೆ ದೂಷಣೆಯು ಸರಿ; ‘ಹೋದನೆ?’ ಎಂಬಲ್ಲಿ ನಾವು ಭೂತರೂಪವನ್ನೇ ಉಳಿಸಿಕೊಳ್ಳುತ್ತೇವೆ. ನಿಷೇಧದಲ್ಲಿಯಾದರೋ ಕನ್ನಡದಂಥ ಗುರುವು ಇನ್ನೊಬ್ಬನಿಲ್ಲ. ನಾವು ‘ಹೋದಲಿಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತೇವೆ; ಧಾತುವಿನ ಮೇಲೆ ಭೂತಚಿಹ್ನೆಯೇ ಇಲ್ಲ. ‘ಹೋಗಿಲ್ಲ’ ಎಂಬುದು ಇದಕ್ಕಿಂತ ಬೇರೆ, ಅದು ‘ಹ್ಯಾವ್’ ಎಂಬುದರ ನಿಷೇಧ. ಕೆಲವು ಕಡೆಯ ಆಡುಮಾತಿನಲ್ಲಿ ಈ ಭೇದವು ಸಡಿಲವಾಗಿದ್ದರೂ ಗ್ರಂಥಭಾಷೆಯಲ್ಲಿ ಸ್ಪಷ್ಟವಾಗಿದೆ.

ಚರಿತ್ರೆಯೂ ಇಲ್ಲಿ ಒಂದು ಹೋಲಿಕೆಯನ್ನು ಒದಗಿಸಿದೆ. ಹಳಗನ್ನಡದ ಪ್ರತಿಷೇಧರೂಪದಲ್ಲಿ ಕಾಲಪ್ರತ್ಯಯವಿಲ್ಲ. ‘ಪೋಗೆಂ’ ಎಂದರೆ ಹೋಗಲಿಲ್ಲ, ಹೋಗುವುದಿಲ್ಲ, ಹೋಗಲಾರೆ ಎಂದು ಸಂದರ್ಭವೇ ನಿರ್ಣಯಿಸಬೇಕು. ಭೂತನಿಷೇಧವನ್ನು ಬೇರೆಯಾಗಿ ಹೇಳಬೇಕೆಂಬ ಅಪೇಕ್ಷೆ ಬಲವಾದಂತೆ ‘ಅಲ್’ ಪ್ರತ್ಯಯಾಂತದ ಮುಂದೆ ‘ಇಲ್ಲ’ ಎಂಬುದನ್ನು ಸೇರಿಸುವ ಪದ್ಧತಿಯು ರೂಢವಾಯಿತು. ಇಂಗ್ಲಿಷಿನಲ್ಲಿಯೂ ಮೊದಲು ಭೂತರೂಪದ ಮುಂದೆ ‘ನಾಟ್’ ಎಂಬುದನ್ನು ನೇರವಾಗಿ ಇಡುತ್ತಿದ್ದರು. ೧೬೧೧ರ ಬೈಬಲ್ಲಿನಲ್ಲಿ ಈ ಹಳೆಯ ಪದ್ಧತಿಯೇ ಪ್ರಧಾನವಾಗಿದೆ. ಅದರ ಹಿಂದುಮುಂದಿನ ನೂರಿನ್ನೂರು ವರ್ಷಗಳಲ್ಲಿ ‘ಡಿಡ್’ ಎಂಬುದು ನಿಷೇಧದಲ್ಲಿಯೂ ಪ್ರಶ್ನೆಯಲ್ಲಿಯೂ ನೆಲೆಗೊಂಡಿತು. ‘ಲವ್ಡ್’ ಎಂಬುದರ ಕೊನೆಯಲ್ಲಿ ಸವೆದು ಅಡಗಿದ್ದ ಧಾಧಾತುವೇ ಎರಡನೆಯ ಸಲ ಹೊರಗಿನಿಂದ ಬಂದು ವಾಕ್ಯದ ಮುಂದೆ ನಿಂತಿತೆಂದು ಪೂರ್ವೋಕ್ತಪಕ್ಷವನ್ನು ಒಪ್ಪಿದವರು ಹೇಳಬಹುದು. ಹೊಸದು ಬಂದು ಭೂತಕಾಲದ ಭಾರವನ್ನು ತಾನು ಹೊತ್ತುದರಿಂದ ಹಳೆಯದನ್ನು ಇಳಿಸಬೇಕಾಯಿತು. ಒಂದು ವಾಕ್ಯದಲ್ಲಿ ಎರಡು ಸಲ ಭೂತವನ್ನು ಹೇಳಿದರೆ ಪುನರುಕ್ತಿ.

ಇದನ್ನೆಲ್ಲ ನಾನು ಮುಂದೆ ಆ ವಿದ್ಯಾರ್ಥಿಗೆ ಹೇಳಿದಾಗ ಅವನು ಸ್ವಲ್ಪ ಯೋಚಿಸಿ, ಹಾಗಾದರೆ ‘ಮಸ್ಟ್’ ಎಂಬುದಕ್ಕೆ ಭೂತರೂಪವೇಕಿಲ್ಲ, ‘ಅವನು’ ಎಂಬುದರೊಡನೆ ಅದಕ್ಕೆ ಸಕಾರವೇಕೆ ಬರುವುದಿಲ್ಲ ಎಂದು ಕೇಳಿದನು. ವಿದಧಾತುವಿನ ‘ವೇದ’ ಎಂಬ ರೂಪವು ಲಿಟ್ಟಿನಂತೆ ಕಂಡರೂ ‘ತಿಳಿದಿದ್ದಾನೆ’ ಎಂಬ ವರ್ತಮಾನಾರ್ಥವನ್ನೇ ಹೇಳುವುದರಿಂದ ಪಾಣಿನಿಯು ಅದನ್ನು ಲಟ್ಟಿನಲ್ಲಿಯೇ ವಿಕಲ್ಪವಾಗಿ ಸಾಧಿಸಿರುವನು; ಅದಕ್ಕೆ ‘ತಿ’ ಪ್ರತ್ಯಯವಿಲ್ಲ. ಇಂಗ್ಲಿಷಿನ ‘ಕ್ಯಾನ್’, ‘ಮೇ’, ‘ಶಲ್’ ಎಂಬುವು ಇದೇ ಜಾತಿಯವು, ಆದುದರಿಂದಲೇ ಅವಕ್ಕೆ ಸಕಾರವಿಲ್ಲ; ಅವು ವರ್ತಮಾನಕ್ಕೆ ಬಂದ ಮೇಲೆ ದಕಾರವನ್ನು ಸೇರಿಸಿಕೊಂಡು ‘ಕುಡ್’, ‘ಮೈಟ್’, ‘ಶುಡ್’ ಎಂಬ ಹೊಸ ಭೂತಗಳನ್ನು ಪಡೆದುವು. ‘ಮಸ್ಟ್’ ಎಂಬುದು ಅಂಥ ಹೊಸ ಭೂತವೇ. ಅದರ ಮೂಲವಾದ ‘ಮೋಟ್’ ಎಂಬುದು ಬಳಕೆ ತಪ್ಪಿತು, ಭೂತವು ಎರಡನೆಯ ಸಲ ವರ್ತಮಾನವಾಯಿತು. ಮೂರನೆಯ ಸಲ ಅದಕ್ಕೆ ಭೂತರೂಪವು ಹುಟ್ಟಲಿಲ್ಲ, ‘ಹ್ಯಾಡ್ ಟು’ ಎಂಬ ಎರವಿನ ಮಾತಿನಿಂದಲೇ ಕೆಲಸವು ನಡೆಯುತ್ತಿದೆ.